ತೆಗೆಯದೆ ಉಳಿದ ಹಲಗೆ

ಕುಕ್ಕುಂದೂರಿನ ಗೇರುಬೀಜದ ಕಾರ್ಖಾನೆಯ ಎದುರು ಹೋಗುವಾಗ ಹೆಚ್ಚಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಬೀಜ ಹುರಿಯುವ ದಿನ ಸಿಪ್ಪೆಯ ಎಣ್ಣೆಯ ಘಾಟು ರಸ್ತೆಯ ತನಕ ಬರುತ್ತದೆ. ನಿವೃತ್ತನಾದ ಮೇಲೆ ದಿನಾ ಬೆಳಗ್ಗೆ ಹಾಲಿಗೆ ಅದೇ ದಾರಿಯಲ್ಲಿ ಹೋಗುವ ನನಗೆ ಅದೆಲ್ಲ ಅಭ್ಯಾಸವಾಗಿತ್ತು. ಆದರೆ ಕಳೆದ ತಿಂಗಳು ಒಂದು ದಿನ ಗೇಟಿನ ಹತ್ತಿರ ಯಾರೋ ಆ ಎಣ್ಣೆಯ ಡಬ್ಬವನ್ನೇ ಚೆಲ್ಲಿದ್ದರು. ಪಕ್ಕದಲ್ಲಿ ಮೀನಿನ ಗಾಡಿ ನಿಂತಿತ್ತು. ಗೇರೆಣ್ಣೆ, ಬೂತಾಯಿ ಮೀನು... ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನಾನು ಸ್ಕೂಟರ್ ನಿಲ್ಲಿಸಿ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ದಾರಿಹೋಕರೊಬ್ಬರು ಬಂದು, ಶುಗರ್ ಉಂಟಾ ಎಂದು ವಿಚಾರಿಸಿದರು. ಹೌದು ಎಂದೆ. ನನಗೆ ಶುಗರೂ ಇಲ್ಲ, ಬಿಪಿಯೂ ಇಲ್ಲ. ಎದುರಿಗಿರುವವರನ್ನು ಬೇಗ ಕಳಿಸಬೇಕಾದರೆ ಸುಳ್ಳು ಹೇಳುವುದು ನನ್ನ ಹಳೆಯ ಚಾಳಿ.

ಗೇರೆಣ್ಣೆಗೆ ಬೂತಾಯಿ ಮೀನಿನ ಎಣ್ಣೆ ಬೆರೆಸಿ ದೋಣಿಗೆ ಹಚ್ಚುತ್ತಿದ್ದವರು ಕಾಪುವಿನ ತಾಂಡೇಲರು. ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಲ್ಲುವವನಿಗೆ ತಾಂಡೇಲ ಎನ್ನುತ್ತಾರೆ. ಅವನು ಹೇಳಿದಂತೆ ಉಳಿದವರು ಹುಟ್ಟು ಹಾಕಬೇಕು. ಕಾಪುವಿನ ಈ ತಾಂಡೇಲರಿಗೂ ಒಂದು ಹೆಸರು ಇತ್ತು, ಆದರೆ ಆ ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಕುಳ್ಳಗಿನ ಆಳು, ಗಟ್ಟಿ ಕುತ್ತಿಗೆ. ಗೇರೆಣ್ಣೆ ತಾಗಿ ತಾಗಿ ಅಂಗೈಯ ಚರ್ಮ ಎಷ್ಟೋ ಸಲ ಸುಲಿದು, ಮತ್ತೆ ಬಂದು, ಕಪ್ಪಗೆ ದಪ್ಪಗೆ ಆಗಿತ್ತು. ನನಗೆ ತುಳು ಚೆನ್ನಾಗಿ ಬರುತ್ತದೆ. ಆದರೂ ಮಾಸ್ಟ್ರು ಎಂಬ ಗೌರವಕ್ಕೆ ಅವರು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು, ಒಂದೊಂದು ಶಬ್ದವನ್ನೂ ಇಡಿಯಾಗಿ ಉಚ್ಚರಿಸುತ್ತ. ಅದನ್ನು ಕಂಡು ನಾನು ಒಳಗೊಳಗೆ ನಗುತ್ತಿದ್ದೆ ಎಂದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಹದಿನೈದು ವರ್ಷದ ಹಿಂದಿನ ಮಾತು. ನಾನಾಗ ಕಾರ್ಕಳದಲ್ಲಿ ಹುಡುಗರಿಗೆ ಮರಗೆಲಸ ಕಲಿಸುತ್ತಿದ್ದೆ. ಕಾಪುವಿನ ಕಡಲ ಕರೆಯಲ್ಲಿ ಒಂದು ಹಳೆಯ ದೋಣಿ ಉಂಟು, ಅದನ್ನು ಕೆಡದ ಹಾಗೆ ಉಳಿಸಿಕೊಡಬೇಕು ಎಂದು ಅಲ್ಲಿನ ಊರ ಸಮಿತಿಯವರು ನನ್ನನ್ನು ಕರೆದರು. ನೋಡಿದ ಕೂಡಲೇ ಆಸೆಯಾಯಿತು. ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ಹುರಿಯಿಂದ ಹೊಲಿದದ್ದು. ಹೊಲಿಗೆ ಎಷ್ಟು ಸಮ ಎಂದರೆ ಪಟ್ಟಿ ಇಟ್ಟು ಅಳೆದರೂ ವ್ಯತ್ಯಾಸ ಸಿಗುತ್ತಿರಲಿಲ್ಲ. ಆ ಕೆಲಸ ಗೊತ್ತಿದ್ದವರು ಆಗಲೇ ಯಾರೂ ಉಳಿದಿರಲಿಲ್ಲ.

ಅದು ಮೀನು ಹಿಡಿಯುವ ದೋಣಿಯಲ್ಲ, ಮುಳುಗುವವರನ್ನು ತರಲು ಹೋಗುವ ದೋಣಿ. ಊರಿನವರೆಲ್ಲ ಸೇರಿ ಅದಕ್ಕೆಂದೇ ಮಾಡಿಸಿ, ವರ್ಷವಿಡೀ ತೆಂಗಿನ ಮಡಲು ಹೊದಿಸಿದ ಮಾಡಿನ ಕೆಳಗೆ ಕಡಲಿಗೆ ಮುಖ ಮಾಡಿ ಇಟ್ಟಿದ್ದರು. ಹುಟ್ಟುಗಳು ಒಳಗೇ ಇರುತ್ತಿದ್ದವು. ಕಡಲಿನಲ್ಲಿ ಯಾರದ್ದೋ ದೋಣಿ ಮಗುಚಿತು ಎಂದು ಗೊತ್ತಾದರೆ ಊಟ ಮಾಡುವವರೂ ಕೈ ತೊಳೆಯದೆ ಓಡಿ ಬರಬೇಕು. ಬದುಕಿದ್ದವರನ್ನು ತಂದದ್ದೂ ಅದೇ, ಹೆಣಗಳನ್ನು ತಂದದ್ದೂ ಅದೇ. ಹಾಗಾಗಿ ಅದರಲ್ಲಿ ಬಲೆ ಇಡುವಂತಿಲ್ಲ, ಮಕ್ಕಳು ಹತ್ತಿ ಆಡುವಂತಿಲ್ಲ. ಹೊರಡುವಾಗ ಎಷ್ಟು ಜನ ಹತ್ತಿದರು ಎಂದು ದಡದಲ್ಲಿ ನಿಂತವರು ಎಣಿಸಬಾರದು. ಬಂದ ಮೇಲೆ ಎಣಿಸಬೇಕು.

ಈ ಚರಿತ್ರೆಯನ್ನೆಲ್ಲ ಒಂದು ಫಲಕದಲ್ಲಿ ಬರೆಯಬೇಕಿತ್ತು, ಅದಕ್ಕೆ ತಾಂಡೇಲರನ್ನು ಕೂರಿಸಿಕೊಂಡು ಕೇಳಿದೆ. ಅವರಿಗೆ ಇಸವಿಗಳು ಗೊತ್ತಿರಲಿಲ್ಲ. ಬೂತಾಯಿ ರಾಶಿ ಬಿದ್ದ ವರ್ಷ ಇಬ್ಬರು, ತೆಂಕಣ ಗಾಳಿ ಬೇಗ ಬಂದ ವರ್ಷ ಮೂವರು, ತಂಗಿಯ ಮದುವೆಯ ಮರುವಾರ ಒಬ್ಬ... ಹೀಗೆ ಹೇಳುತ್ತಿದ್ದರು. ಯಾರು ಬದುಕಿದ್ದರು, ಯಾರು ಇಲ್ಲ ಎಂದು ಬಿಡಿಸಿ ಕೇಳಿದರೆ, "ಎಲ್ಲರನ್ನೂ ತಂದಿದ್ದೇವೆ ಮಾಸ್ಟ್ರೇ" ಎನ್ನುತ್ತಿದ್ದರು. ಸಮಿತಿಯ ಅಧ್ಯಕ್ಷರಿಗೆ ಬದುಕಿದವರ ಲೆಕ್ಕ ಮಾತ್ರ ಬೇಕಿತ್ತು. ನಾನು ಬದುಕಿದವರನ್ನಷ್ಟೇ ಬರೆದೆ.

ಎಂಜಿನಿನ ಫೈಬರ್ ದೋಣಿ ಬಂದ ಮೇಲೆ ಮರದ ದೋಣಿಯನ್ನು ಕರೆಯುವವರಿರಲಿಲ್ಲ. ಅದನ್ನು ದಡದ ಮೇಲೆ ಚೆಂದದ ಒಂದು ಚಾವಡಿ ಕಟ್ಟಿ, ಸಿಮೆಂಟಿನ ಪೀಠದ ಮೇಲೆ ಇಟ್ಟು, ಪ್ರವಾಸಿಗರಿಗೆ ತೋರಿಸುವುದೆಂದು ತೀರ್ಮಾನವಾಯಿತು. ತಾಂಡೇಲರು ಬೇಡ ಎನ್ನಲಿಲ್ಲ. ಒಂದೇ ಒಂದು ವಿಷಯ ಹಿಡಿದು, ನಾನೊಬ್ಬನೇ ಇರುವಾಗ ಬಂದು ಕೂತರು. ದೋಣಿಗೆ ಕಾಯಂ ರಜೆ ಕೊಡುವಾಗ ತಳದ ಅಡಿಮರದ ಪಕ್ಕದ ಒಂದು ಹಲಗೆ ತೆಗೆದು ಇಡಬೇಕು, ಅದು ಅವರ ಕಡೆಯ ಕ್ರಮ.

"ಇದು ಕರೆದರೆ ಹೋಗುವ ದೋಣಿ ಮಾಸ್ಟ್ರೇ. ಹಲಗೆ ಇರುವ ತನಕ ಜನ ಕರೀತಾರೆ. ಒಂದು ಹಲಗೆ ತೆಗೀರಿ, ಮತ್ತೆ ನೀವು ಎಂತ ಬೇಕಾದರೂ ಮಾಡಿ."

ನನಗೆ ಅದು ಶುದ್ಧ ಹುಚ್ಚು ಎನಿಸಿತು. ಹಲಗೆ ತೆಗೆಯಬೇಕಾದರೆ ಹೊಲಿಗೆ ಕತ್ತರಿಸಬೇಕು. ಮತ್ತೆ ಅದನ್ನು ಹಾಗೆ ಹೊಲಿಯುವವರು ಈ ಕರಾವಳಿಯಲ್ಲೇ ಇಲ್ಲ. ಉಳಿಸಲು ಬಂದವನು ನಾನು, ಕತ್ತರಿಸಲು ಬಂದವನಲ್ಲ ಎಂದು ದೊಡ್ಡ ಮಾತಾಡಿದೆ. ಅವರು ವಾದ ಮಾಡಲಿಲ್ಲ. ಮರುದಿನ ಬಂದರು, "ತೆಗೆದಿರಾ?" ಎಂದರು. ಅದರ ಮರುದಿನವೂ ಬಂದರು. ನಾನು ದೋಣಿಯ ಹಳೆ ಎಣ್ಣೆಯ ಜಿಡ್ಡನ್ನೆಲ್ಲ ಸೋಪಿನ ನೀರಿನಲ್ಲಿ ತಿಕ್ಕಿ ತೆಗೆದೆ; ನೋಡಲು ಬರುವವರಿಗೆ ನಾತ ಹೊಡೆಯಬಾರದಲ್ಲ. ಹಲಗೆಗಳ ಸಂದಿಗೆ ಪುಟ್ಟಿ ತುಂಬಿದೆ. ಮೇಲೆ ಮೂರು ಕೈ ವಾರ್ನಿಷ್, ಅಂಚಿಗೆ ಕೆಂಪು ಪಟ್ಟಿ. ತಾಂಡೇಲರು ದೂರ ನಿಂತು ನೋಡುತ್ತಿದ್ದರು. ಹುರಿ ಎಣ್ಣೆ ಕುಡಿಯಬೇಕು, ಒಣಗಿದರೆ ಆಗಲಿಕ್ಕಿಲ್ಲ ಎಂದು ಒಮ್ಮೆ ಹೇಳಿದ ನೆನಪು... ನಾನು ಪೀಠದ ಸುತ್ತ ಹಗ್ಗ ಕಟ್ಟಿ, ದೋಣಿಯನ್ನು ಮುಟ್ಟಬಾರದು ಎಂದು ಒಂದು ಬೋರ್ಡು ಬರೆದು ತೂಗಹಾಕಿದೆ.

ಉದ್ಘಾಟನೆಯ ಹಿಂದಿನ ದಿನ ಅವರು ಮತ್ತೆ ಬಂದರು. ನನಗೆ ನೂರೆಂಟು ಕೆಲಸ. ಅಧ್ಯಕ್ಷರು ಫೋನ್ ಮೇಲೆ ಫೋನ್ ಮಾಡಿ ತಲೆ ತಿನ್ನುತ್ತಿದ್ದರು. ಹಗ್ಗದ ಆಚೆ ನಿಂತು ತಾಂಡೇಲರು ಅದೇ ಪ್ರಶ್ನೆ ಕೇಳಿದರು.

"ತೆಗೆದಾಯ್ತು ತಾಂಡೇಲರೇ" ಎಂದೆ. "ಅಡಿಯಲ್ಲಿ ಅಲ್ವಾ, ಹೊರಗಿನಿಂದ ಕಾಣುವುದಿಲ್ಲ."

ಅವರ ಮುಖ ಎಷ್ಟು ಹಗುರಾಯಿತು ಎಂದರೆ ನನಗೆ ಒಂದು ಕ್ಷಣ ಅಳುಕಾಯಿತು. ಬಗ್ಗಿ ನೋಡಲಿಲ್ಲ. ಬೋರ್ಡಿನ ಕಡೆ ಒಮ್ಮೆ ನೋಡಿ, ಹಗ್ಗಕ್ಕೆ ತಾಗದ ಹಾಗೆ ಹಿಂದೆ ಸರಿದು ಕೈ ಮುಗಿದರು. ಎರಡು ದಿನ ಬಿಟ್ಟು ಅವರ ಅಳಿಯ ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದು ಒಂದು ದೊಡ್ಡ ಅಂಜಲ್ ಮೀನು ಮನೆಗೆ ತಲುಪಿಸಿ ಹೋದ. ಮಾವ ಕೊಟ್ಟು ಕಳಿಸಿದ್ದು ಎಂದ. ಅಳಿಯ ಎಂದರೆ ತಂಗಿಯ ಮಗ. ತಾಂಡೇಲರು ಮದುವೆಯಾಗಿರಲಿಲ್ಲ, ತಂಗಿಯ ಮನೆಯೇ ಅವರ ಮನೆ, ಆ ಅಳಿಯನೇ ಅವರಿಗೆ ಎಲ್ಲ. ಮೂವತ್ತು ದಾಟಿದ ಗಟ್ಟಿ ಮನುಷ್ಯ, ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ, ಮಾತು ಕಡಿಮೆ. ಮೀನು ಬಹಳ ರುಚಿಯಾಗಿತ್ತು. ನಾವೆಲ್ಲ ಎರಡು ದಿನ ತಿಂದೆವು.

ಮೂರು ವರ್ಷ ದೋಣಿ ಆ ಚಾವಡಿಯಲ್ಲಿ ಮಿರಮಿರ ಮಿನುಗುತ್ತ ನಿಂತಿತ್ತು. ಮಣಿಪಾಲದ ಹಾಸ್ಟೆಲಿನ ಹುಡುಗ ಹುಡುಗಿಯರು ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಸ ದೋಣಿಗಿಂತ ಹೊಸತಾಗಿ ಕಾಣುತ್ತದೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ. ಒಂದು ಬೇಸಗೆಯಲ್ಲಿ ಸಂದಿಯ ಪುಟ್ಟಿ ಕೂದಲಿನಷ್ಟು ಬಿರುಕು ಬಿಟ್ಟದ್ದು ಕಂಡಿತು. ಅದರ ಮೇಲೆ ಇನ್ನೊಂದು ಕೈ ವಾರ್ನಿಷ್ ಹೊಡೆದೆ. ಒಳಗೆ ಹುರಿಯನ್ನು ಉಗುರಿನಿಂದ ಕೆರೆದಾಗ ಹೊಟ್ಟಿನ ಹಾಗೆ ಪುಡಿಯಾಗಿ ಬಿದ್ದಿತು... ಅದನ್ನು ಊದಿ ಬಿಟ್ಟೆ. ಯಾರಿಗೂ ಹೇಳಲಿಲ್ಲ. ದೋಣಿ ಇನ್ನು ನೀರು ಕಾಣುವುದಿಲ್ಲವಲ್ಲ ಎಂದುಕೊಂಡೆ.

ಮಳೆಗಾಲ ಶುರುವಾದ ಒಂದು ಭಾನುವಾರ. ದೋಣಿಗಳೆಲ್ಲ ದಡ ಸೇರಿ, ಮೀನುಗಾರಿಕೆಗೆ ರಜೆಯಾದ ಸಮಯ. ಚಾವಡಿಯ ಮಾಡು ಸೋರುತ್ತದೆ ಎಂದು ಹೇಳಿದ್ದರಿಂದ ನಾನು ಮಧ್ಯಾಹ್ನ ಕಾಪುವಿಗೆ ಹೋಗಿದ್ದೆ. ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಗಾಳಿ ಇದ್ದಕ್ಕಿದ್ದಂತೆ ನಿಂತು, ಮತ್ತೆ ಇನ್ನೊಂದು ದಿಕ್ಕಿನಿಂದ ಬೀಸುತ್ತಿತ್ತು. ಕೆಂಪು ಬಾವುಟ ನೆಟ್ಟಿದ್ದರೂ ಮಣಿಪಾಲದ ಕೆಲವು ವಿದ್ಯಾರ್ಥಿಗಳು ನೀರಿಗೆ ಇಳಿದಿದ್ದರು. ನಾನು ಏಣಿ ಇಳಿಯುವಷ್ಟರಲ್ಲಿ ಬೊಬ್ಬೆ ಎದ್ದಿತು. ಇಬ್ಬರನ್ನು ಅಲೆ ಎಳೆದುಕೊಂಡು ಹೋಗಿತ್ತು.

ಫೈಬರ್ ದೋಣಿಯ ಎಂಜಿನನ್ನು ರಿಪೇರಿಗೆ ಬಿಚ್ಚಿ ಕಳಿಸಿದ್ದರು. ಐದು ಜನ ಚಾವಡಿಗೆ ಓಡಿ ಬಂದರು, ಮುಂದೆ ತಾಂಡೇಲರ ಅಳಿಯ. "ಮಾಸ್ಟ್ರೇ, ಇದು ಹೋಗ್ತದಾ?" ಎಂದ. ಮಾವ ಹಲಗೆ ತೆಗೆಸಿದ್ದಾರೆ ಎಂದು ಅವನೂ ನಂಬಿದ್ದ. ಆದರೆ ಮುಳುಗುವವರ ಕೂಗು ಕೇಳುತ್ತಿತ್ತು.

ನಾನು ಏನು ಹೇಳಿದೆ ಎಂಬುದನ್ನು ಮರೆಯಲು ಎಷ್ಟೋ ಪ್ರಯತ್ನಿಸಿದ್ದೇನೆ. "ಹಲಗೆ ಎಲ್ಲ ಸರಿ ಉಂಟು, ತೆಗೊಂಡು ಹೋಗಿ" ಎಂದೆ. ದೋಣಿಯನ್ನು ಪೀಠಕ್ಕೆ ಬಿಗಿದ ಸರಪಳಿಯ ಬೀಗದ ಕೈಯನ್ನು ನಾನೇ ಕಿಸೆಯಿಂದ ತೆಗೆದು ಕೊಟ್ಟೆ. ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಗಿತ್ತು. ತಾಂಡೇಲರ ಮಾತು ಕೇಳಿ ಹಲಗೆ ತೆಗೆದಿದ್ದರೆ ಇವತ್ತು ಎರಡು ಜೀವ ಹೋಗುತ್ತಿತ್ತು, ನಾನು ಮಾಡಿದ್ದೇ ಸರಿ ಎಂದುಕೊಂಡೆ. ಅವರು ದೋಣಿಯನ್ನು ಪೀಠದಿಂದ ಇಳಿಸಿ ಹೊಯ್ಗೆಯ ಮೇಲೆ ಎಳೆದುಕೊಂಡು ಹೋದರು. ಅದು ಎಷ್ಟು ಚೆಂದ ಜಾರಿತು! ಹತ್ತುವಾಗ ನಾನು ಎಣಿಸಿದೆ. ಐದು.

ತಾಂಡೇಲರು ಗದ್ದಲ ಕೇಳಿ ಬಂದರು. ಅವಸರವೇನೂ ಇರಲಿಲ್ಲ ಅವರಿಗೆ. ಮನೆಗೆ ಓಡಿ ಹೋಗಿ ಹೇಳಿದವರಿಗೆ, ಅದು ಹೇಗೆ ತೇಲ್ತದೆ ಮಾರಾಯ, ಹಲಗೆಯೇ ಇಲ್ಲವಲ್ಲ ಎಂದು ನಗಾಡಿದ್ದರಂತೆ. ನನ್ನ ಪಕ್ಕ ಬಂದು ನಿಂತು ಕಡಲಿನ ಕಡೆ ನೋಡಿದರು. ದೋಣಿ ಮೊದಲ ಅಲೆಯನ್ನು ದಾಟಿತ್ತು. ಅಳಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ.

"ತೆಗೆದಿದ್ದೀರಲ್ಲ ಮಾಸ್ಟ್ರೇ" ಎಂದರು.

"ಇಲ್ಲ. ತೆಗೆದಿರಲಿಲ್ಲ" ಎಂದೆ. ಹೇಳುವಾಗ ನಾನು ನಗುತ್ತಿದ್ದೆನೋ ಏನೋ.

ಅವರು ನನ್ನನ್ನು ಬೈಯಲಿಲ್ಲ. "ಎಣ್ಣೆ ಕೊಟ್ಟಿದ್ದೀರಾ? ಹುರಿ ಎಣ್ಣೆ ಕುಡಿದಿದೆಯಾ?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಯಿತು. ಎದೆ ಮಟ್ಟದ ನೀರಿಗೆ ನುಗ್ಗಿದರು, ಎರಡೂ ಕೈ ಮೇಲೆತ್ತಿ ತಿರುಗಿ ಬರುವಂತೆ ಕೂಗತೊಡಗಿದರು. ಗಾಳಿ ಅವರ ಕೂಗನ್ನು ತಂದು ನಮ್ಮ ಮೇಲೆ ಹಾಕುತ್ತಿತ್ತು. ಅಳಿಯ ಒಮ್ಮೆ ತಿರುಗಿ ನೋಡಿದ. ಮಾವ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡಿರಬೇಕು, ಒಂದು ಕೈ ಎತ್ತಿದ. ಮೂರನೆಯ ಅಲೆಗೆ ದೋಣಿಯ ಮೂತಿ ಮೇಲೆದ್ದು ನೀರಿಗೆ ಬಡಿಯಿತು. ಹೊಲಿಗೆ ಬಿಚ್ಚಿದ ಅಕ್ಕಿ ಚೀಲದ ಹಾಗೆ ಅದು ಅಲ್ಲೇ ಬಾಯಿಬಿಟ್ಟಿತು. ಕೆಂಪು ಪಟ್ಟಿಯ ಒಂದು ಹಲಗೆ ನೆಟ್ಟಗೆ ಎದ್ದು ನಿಂತದ್ದು ಕಂಡಿತು, ಆಮೇಲೆ ಏನೂ ಕಾಣಲಿಲ್ಲ...

ಐವರಲ್ಲಿ ನಾಲ್ವರು ಈಜಿ ಬಂದರು. ಅಳಿಯ ಎರಡು ದಿನ ಕಳೆದು ತೆಂಕು ದಿಕ್ಕಿನಲ್ಲಿ ಸಿಕ್ಕಿದ. ಆ ವಿದ್ಯಾರ್ಥಿಗಳಿಬ್ಬರಿಗೂ ಏನೂ ಆಗಲಿಲ್ಲ. ಒಬ್ಬನನ್ನು ದಡದ ಕಾವಲಿನವರು ಟ್ಯೂಬು ಎಸೆದು ಎಳೆದುಕೊಂಡರು. ಇನ್ನೊಬ್ಬ ದೀಪಸ್ತಂಭದ ಬುಡದ ಬಂಡೆಗಳನ್ನು ಹಿಡಿದು ತಾನೇ ಹತ್ತಿ ಕೂತಿದ್ದ. ಅಂದು ದೋಣಿ ಹೋಗಬೇಕಾಗಿಯೇ ಇರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಸಮಿತಿಯವರು ಕೂತರು. ನನ್ನನ್ನೂ ಕರೆದಿದ್ದರು. ಊರಿನಲ್ಲಿ ಆಗಲೇ ಮಾತು ಹಬ್ಬಿತ್ತು. ರಜೆ ಕೊಟ್ಟ ದೋಣಿಯ ಹಲಗೆ ತೆಗೆಸುವುದು ತಾಂಡೇಲನ ಜವಾಬ್ದಾರಿ; ಇವರು ದೋಣಿಯ ಮೇಲಿನ ಮೋಹಕ್ಕೆ ತೆಗೆಸದೆ ಬಿಟ್ಟು, ತೆಗೆಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು; ಅದಕ್ಕೆ ತಂಗಿಯ ಮಗನೇ ಹೋದ. ಬೀಗದ ಕೈ ಕೊಟ್ಟವನು ನಾನು ಎಂಬುದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಅಂಥ ಹೊತ್ತಿನಲ್ಲಿ ಯಾರಾದರೂ ಕೊಡುತ್ತಿದ್ದರು. ಅಧ್ಯಕ್ಷರು ತಾಂಡೇಲರನ್ನು ನೇರವಾಗಿ ಕೇಳಿದರು, ಯಾಕೆ ತೆಗೆಸಲಿಲ್ಲ ಎಂದು. ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ನನ್ನ ಚಪ್ಪಲಿಯ ಉಂಗುಷ್ಟವನ್ನು ನೋಡುತ್ತ ಕೂತಿದ್ದೆ. "ನನ್ನಿಂದ ತಪ್ಪಾಯ್ತು" ಎಂದರು. ಬಾಗಿಲಿನ ಹತ್ತಿರ ಅವರ ತಂಗಿ ನಿಂತಿದ್ದರು. ಕೇಳಿಸಿಕೊಂಡು ಹೊರಟು ಹೋದರು.

ಒಂದು ತಿಂಗಳ ನಂತರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಅಂಗಳದ ಬದಿಯಲ್ಲಿ ಒಬ್ಬರೇ ಕೂತಿದ್ದರು. ನಿಜ ಹೇಳಿಬಿಡುತ್ತೇನೆ ತಾಂಡೇಲರೇ, ತಂಗಿಯವರನ್ನು ಕರೆಯಿರಿ ಎಂದೆ.

"ಬೇಡ ಮಾಸ್ಟ್ರೇ" ಎಂದರು. "ಕೈ ಹಾಕಿ ನೋಡದೆ ನಂಬಿದವ ನಾನು. ಬೋರ್ಡು ಉಂಟಂತ ಹೆದರಿದೆ. ತಾಂಡೇಲ ಹಾಗೆ ಮಾಡುವ ಕ್ರಮ ಇಲ್ಲ."

ನನಗೆ ಅಷ್ಟೇ ಸಾಕಾಗಿತ್ತು. ಬೇಡ ಎಂದು ಅವರೇ ಹೇಳಿದರಲ್ಲ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡು ಸಂಜೆಯ ಬಸ್ಸು ಹಿಡಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆ ದಿನ ಬಸ್ಸಿನಲ್ಲಿ ನಿದ್ದೆಯೂ ಬಂತು. ಆ ನಿದ್ದೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಾಂಡೇಲರು ಮತ್ತೆ ನಾಲ್ಕು ವರ್ಷ ಬದುಕಿದ್ದರು. ದೋಣಿ ಹತ್ತಲಿಲ್ಲ. ಊರಿನ ಕೆಲಸಗಳಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ ಎಂದು ಕೇಳಿದೆ. ತೀರಿಕೊಂಡ ಸುದ್ದಿ ಬಂದಾಗ ಹೋದೆ, ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಅದಾಗಿ ಎಂಟು ವರ್ಷ. ಮೋರಿಯ ಕಟ್ಟೆಯ ಮೇಲೆ ಕೂತ ಆ ಬೆಳಗ್ಗೆ ನಾನು ಹಾಲು ತರಲಿಲ್ಲ. ಸ್ಕೂಟರನ್ನು ಮನೆಯಲ್ಲಿಟ್ಟು, ಕಾಪುವಿಗೆ ಹೋದೆ.

ತಂಗಿ ಮನೆಯ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು. ತುಂಬ ಸೊರಗಿದ್ದಾರೆ. ನನ್ನ ಗುರುತು ಹಿಡಿದು, ಕೂರಿ ಮಾಸ್ಟ್ರೇ, ಬೆಲ್ಲ ನೀರು ಕುಡಿಯುತ್ತೀರಾ ಎಂದರು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಹಲಗೆ ತೆಗೆದಾಯ್ತು ಎಂದು ಅಣ್ಣನಿಗೆ ಸುಳ್ಳು ಹೇಳಿದವನು ನಾನು, ಹಲಗೆ ಸರಿ ಉಂಟು ಎಂದು ಮಗನಿಗೆ ಬೀಗದ ಕೈ ಕೊಟ್ಟವನು ನಾನು, ಸಮಿತಿಯ ಎದುರು ಬಾಯಿ ಮುಚ್ಚಿ ಕೂತವನೂ ನಾನು. ಬೈದರೆ ಒಳ್ಳೆಯದಿತ್ತು, ಹೊಡೆದರೆ ಇನ್ನೂ ಒಳ್ಳೆಯದಿತ್ತು.

ಅವರು ಬಸಳೆಯ ದಂಟುಗಳನ್ನು ಒಂದೊಂದಾಗಿ ಮುರಿದು ಮುಗಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು.

"ನಾಲ್ಕು ವರ್ಷ ಇದೇ ಮನೆಯಲ್ಲಿ ಇದ್ದರು ಅಣ್ಣ. ಮೂರು ಹೊತ್ತು ಬಡಿಸ್ತಿದ್ದೆ. ಒಂದು ಮಾತು ಆಡ್ಲಿಲ್ಲ ನಾನು. ಕಡೇ ದಿನ ನೀರು ಕೇಳಿದರು... ಲೋಟ ಪಕ್ಕದಲ್ಲಿಟ್ಟು ಹೊರಗೆ ಬಂದೆ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಅವರಿರುವಾಗ ಹೇಳ್ಬೇಕಿತ್ತು ಮಾಸ್ಟ್ರೇ ನೀವು. ನಾನು ಅಣ್ಣನ ಹತ್ರ ಮಾತಾಡ್ತಿದ್ದೆ."